ವೈಟ್‌ಫೀಲ್ಡಿನ ಬಂಗಲೆಗಳೂ ನಮ್ಮಪ್ಪನ ಎರಡೆಕರೆಯೂ

ಮೊದಲು ಒಂದು ಲವ್ ಸ್ಟೋರಿ ಕೇಳಿಬಿಡಿ. ಊರಿನ ಕಥೆ ಆಮೇಲೆ.

1896ನೇ ಇಸವಿ. ಬೆಂಗಳೂರು ದಂಡಿಗೆ ಇಂಗ್ಲೆಂಡಿನಿಂದ ಒಬ್ಬ ಕುದುರೆ ಸೈನ್ಯದ ಲೆಫ್ಟಿನೆಂಟ್ ಬಂದಿಳಿಯುತ್ತಾನೆ. ವಯಸ್ಸು ಇಪ್ಪತ್ತೊಂದು. ಬೆಳಿಗ್ಗೆ ಕವಾಯತು, ಸಂಜೆ ಪೋಲೋ. ನಡುವೆ ಬೇಕಾದಷ್ಟು ಬಿಡುವು. ಚಿಟ್ಟೆ ಹಿಡಿಯುತ್ತಾನೆ, ಗುಲಾಬಿ ಬೆಳೆಸುತ್ತಾನೆ, ತಲೆದಿಂಬಿನಷ್ಟು ದಪ್ಪದ ಪುಸ್ತಕ ಓದುತ್ತಾನೆ. ಬೇಜಾರಾದಾಗ ಕುದುರೆ ಹತ್ತಿ ಊರಾಚೆಯ ವೈಟ್‌ಫೀಲ್ಡ್ ಕಡೆಗೆ ಹೊರಡುತ್ತಾನೆ. ಅಲ್ಲಿ ವೇವರ್ಲಿ ಇನ್ ಎಂಬ ತಂಗುಮನೆ. ಅದರ ಮಾಲೀಕ ಜೇಮ್ಸ್ ಹ್ಯಾಮಿಲ್ಟನ್. ಮಾಲೀಕನಿಗೊಬ್ಬಳು ಮಗಳು, ಹೆಸರು ರೋಸ್. ಮುಂದಿನದು ನಿಮಗೆ ಹೇಳಬೇಕಾಗಿಲ್ಲ!

ಹೀರೋ ಹೆಸರು ಕೇಳಿದರೆ ಮಾತ್ರ ಬೆಚ್ಚಿಬೀಳುತ್ತೀರಿ. ವಿನ್‌ಸ್ಟನ್ ಚರ್ಚಿಲ್. ಮುಂದೆ ಇಂಗ್ಲೆಂಡಿನ ಪ್ರಧಾನಮಂತ್ರಿಯಾದವನು, ಗಾಂಧೀಜಿಯನ್ನು ಕಂಡರೆ ಉರಿದುಬೀಳುತ್ತಿದ್ದ ಅದೇ ಚರ್ಚಿಲ್ಲು.

ನಿಜವೋ ಸುಳ್ಳೋ ಅಂತೀರಾ? ಅವನು ಬೆಂಗಳೂರಿನಲ್ಲಿದ್ದದ್ದು ನಿಜ. ಬೆಂಗಳೂರು ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿ ಹೋದದ್ದೂ ನಿಜ. 1899ರ ಲೆಕ್ಕದ ಪುಸ್ತಕದಲ್ಲಿ ವಸೂಲಾಗದ ಸಾಲದ ಪಟ್ಟಿಗೆ ಅವನ ಹೆಸರು ಸೇರಿದೆ. ತಾಯಿಗೆ ಬರೆದ ಕಾಗದಗಳಲ್ಲಿ ಗುಲಾಬಿ ಗಿಡಗಳ ಸುದ್ದಿಯಿದೆ, ಆತ್ಮಕಥೆಯಲ್ಲಿ ಬೆಂಗಳೂರಿನ ಬಂಗಲೆಯೂ ಪೋಲೋ ಕುದುರೆಗಳೂ ಇವೆ. ರೋಸ್ ಎಂಬ ಹುಡುಗಿ ಮಾತ್ರ ಇಲ್ಲ. ಇದು ನಮ್ಮ ಗಾಂಧಿನಗರದ ಗಾಸಿಪ್ಪಿನ ಜಾತಿಗೇ ಸೇರಿದ್ದು. ನೂರಿಪ್ಪತ್ತು ವರ್ಷಗಳಿಂದ ಫಸ್ಟ್ ಕ್ಲಾಸಾಗಿ ಓಡುತ್ತಿದೆ!

ಈ ಲವ್ ಸ್ಟೋರಿ ನಡೆದ ಜಾಗ ನೋಡಿಕೊಂಡು ಬಂದು ಬರೆಯಬೇಕೆಂದು ನಾನು ಹೊರಟದ್ದು. ಆದರೆ ಜೇಬಿನಲ್ಲಿ ಇನ್ನೊಂದು ಕಾಗದವೂ ಇತ್ತು. ಅದನ್ನು ಮುಚ್ಚಿಟ್ಟು ಬರೆದರೆ ನಿಮಗೆ ಮೋಸ ಮಾಡಿದಂತೆ. ಅದಕ್ಕೇ ಅದನ್ನೂ ಹೇಳುತ್ತೇನೆ.

ಜೇಬಿನಲ್ಲಿದ್ದ ಕಾಗದ

ನನ್ನದು ಜಂಗಮಕೋಟೆ. ಶಿಡ್ಲಘಟ್ಟ ತಾಲ್ಲೂಕು, ಮೊದಲು ಕೋಲಾರ ಜಿಲ್ಲೆ, 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆ. ಜಂಗಮ ಅಂದರೆ ನಿಲ್ಲದೆ ಓಡಾಡುವವನು. ಕೋಟೆ ಅಂದರೆ ನಿಂತ ಕಡೆಯೇ ನಿಂತಿರುವುದು. ಇವೆರಡೂ ಒಂದೇ ಹೆಸರಿನಲ್ಲಿ ಹೇಗೆ ಸೇರಿಕೊಂಡವೋ! ನಮ್ಮ ಮನೆಯಲ್ಲೂ ಅದೇ ಕಥೆ. ಅಪ್ಪ ಕೋಟೆ, ನಾನು ಜಂಗಮ.

ಅಪ್ಪನಿಗೆ ಎರಡೆಕರೆ ಹಿಪ್ಪುನೇರಳೆ ತೋಟವಿದೆ, ಒಂದು ಹುಳದ ಮನೆಯಿದೆ. ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕುವುದು, ರೇಟು ಬಂದ ದಿನ ಮಟನ್, ಬಾರದ ದಿನ ಮೌನ. ನಾನು ಪಿಯುಸಿ ಎರಡನೇ ವರ್ಷದಲ್ಲಿ ಕಾಲೇಜಿಗೆ ಕೈಮುಗಿದು ಹೊರಗೆ ಬಂದವನು. ಅಕೌಂಟೆನ್ಸಿ ತಲೆಗೆ ಹತ್ತಲಿಲ್ಲ, ಸಿನಿಮಾ ತಲೆಯಿಂದ ಇಳಿಯಲಿಲ್ಲ. ಅಲ್ಲಿ ಇಲ್ಲಿ ಬರೆದು ಹೊಟ್ಟೆ ಹೊರೆಯುತ್ತೇನೆ. ಒಂದು ಕಥೆ ಇಟ್ಟುಕೊಂಡಿದ್ದೇನೆ, ಒಂದು ಪಿಚ್ಚರ್ ಮಾಡಬೇಕು. ನಿಮ್ಮಲ್ಲೂ ಎಷ್ಟು ಜನಕ್ಕೆ ಈ ಕಾಯಿಲೆ ಇದೆಯೆಂದು ನನಗೆ ಗೊತ್ತು.

ಕಾಯಿಲೆಗೆ ಮದ್ದು ದುಡ್ಡು. ದುಡ್ಡು ತಾನಾಗಿ ಕಾರಿನಲ್ಲಿ ಮನೆಬಾಗಿಲಿಗೆ ಬಂತು.

ಜಂಗಮಕೋಟೆ ಹೋಬಳಿಯಲ್ಲಿ 2,800 ಎಕರೆಗೂ ಹೆಚ್ಚು ಜಮೀನನ್ನು ಕೈಗಾರಿಕಾ ಪ್ರದೇಶಕ್ಕೆ ತೆಗೆದುಕೊಳ್ಳುವ ಸುದ್ದಿ ನೀವು ಪೇಪರಿನಲ್ಲಿ ಓದಿರಬಹುದು. 2025ರಲ್ಲಿ ರೈತರು ಎರಡು ಭಾಗವಾಗಿ ಬೀದಿಗಿಳಿದರು. ಕೊಡುವುದಿಲ್ಲ ಎಂದವರು ಒಂದು ಕಡೆ, ಒಳ್ಳೇ ಬೆಲೆ ಕೊಟ್ಟರೆ ಕೊಡುತ್ತೇವೆ ಎಂದವರು ಇನ್ನೊಂದು ಕಡೆ. ಪಕ್ಕದ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ನಡೆದು, 2025ರ ಜುಲೈನಲ್ಲಿ 1,777 ಎಕರೆ ಸ್ವಾಧೀನವನ್ನು ಸರ್ಕಾರ ಕೈಬಿಟ್ಟಿತು. ನಮ್ಮ ಎರಡೆಕರೆ ಪಟ್ಟಿಯಲ್ಲಿಲ್ಲ. ಆದರೆ ಅಕ್ಕಪಕ್ಕ ಫ್ಯಾಕ್ಟರಿ ಬರುತ್ತದೆ ಅಂದರೆ ಬ್ರೋಕರುಗಳು ಸುಮ್ಮನಿರುತ್ತಾರಾ? ಒಬ್ಬ ಬಂದ. ಅವನು ಹೇಳಿದ ಮೊತ್ತ ಕೇಳಿ ನಮ್ಮಣ್ಣ ಎರಡು ದಿನ ನಿದ್ದೆ ಮಾಡಲಿಲ್ಲ. ನಾನು ಮೂರು ದಿನ.

ಅಣ್ಣ ಒಪ್ಪಂದದ ಕಾಗದ ಬರೆಸಿ ನನ್ನ ಕೈಗಿಟ್ಟ. "ನೀನೂ ಸೈನ್ ಆಕ್ಬಿಡು. ನಿನ್ ಭಾಗದಲ್ಲಿ ಪಿಚ್ಚರ್ ಮಾಡ್ಕೋ" ಅಂದ. ಅಪ್ಪ ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ. ನಾನು ವೈಟ್‌ಫೀಲ್ಡಿಗೆ ಹೊರಟಾಗ ಒಂದೇ ಮಾತು ಹೇಳಿದರು: "ಅದೂ ಒಂದು ಕಾಲಕ್ಕೆ ತೋಟ್ವೇ ಇತ್ತಂತೆ. ಏನಾಗೈತೆ ನೋಡ್ಕೊಂಡ್ ಬಾ."

ಕಾಗದ ಮಡಿಸಿ ಜೇಬಿಗಿಟ್ಟು ಬಸ್ಸು ಹತ್ತಿದೆ. ಎಚ್.ಕ್ರಾಸ್, ನಂದಗುಡಿ, ಹೊಸಕೋಟೆ. ಅಲ್ಲಿ ಇಳಿದು ಕಾಡುಗೋಡಿ ಬಸ್ಸು. ಕಿಟಕಿಯಾಚೆ ಒಂದಷ್ಟು ದೂರ ರೇಷ್ಮೆ ಸೊಪ್ಪು, ದ್ರಾಕ್ಷಿ ಚಪ್ಪರ, ನೀಲಗಿರಿ. ಹೊಸಕೋಟೆ ಹತ್ತಿರ ಬರುತ್ತಿದ್ದಂತೆ ಗೋಡೌನು, ಕಾಂಪೌಂಡು, ಲೇಔಟಿನ ಕಲ್ಲುಗಳು. ಕಾಡುಗೋಡಿ ತಲುಪುವ ಹೊತ್ತಿಗೆ ಆಕಾಶ ನೋಡಬೇಕೆಂದರೆ ಕತ್ತು ನೋಯಬೇಕು.

ಹತ್ತೊಂಬತ್ತರ ರಾಜ ಕೊಟ್ಟ ಭೂಮಿ

ಈಗ ವೈಟ್‌ಫೀಲ್ಡ್ ಹುಟ್ಟಿದ ಕಥೆ. ವೈಟ್ ಅಂದರೆ ಬಿಳಿ, ಫೀಲ್ಡ್ ಅಂದರೆ ಹೊಲ, ಬಿಳಿಯರ ಹೊಲ ಎಂದು ನಾನು ಬಹಳ ವರ್ಷ ತಿಳಿದಿದ್ದೆ. ಅಲ್ಲವೇ ಅಲ್ಲ! ವೈಟ್ ಒಬ್ಬ ಮನುಷ್ಯನ ಹೆಸರು. ಡೇವಿಡ್ ಇಮ್ಯಾನುಯೆಲ್ ಸ್ಟಾರ್ಕನ್‌ಬರ್ಗ್ ವೈಟ್, ಮದ್ರಾಸಿನ ಯುರೇಷಿಯನ್ನರ ಮುಖಂಡ.

ಯುರೇಷಿಯನ್ನರೆಂದರೆ ಯುರೋಪಿನ ತಂದೆ, ಹಿಂದೂಸ್ತಾನದ ತಾಯಿ, ಹೀಗೆ ಶುರುವಾದ ಸಂಸಾರಗಳ ಮಕ್ಕಳು ಮೊಮ್ಮಕ್ಕಳು. ಈಗ ಆಂಗ್ಲೋ ಇಂಡಿಯನ್ ಎನ್ನುವುದು ಇವರನ್ನೇ. ಇವರ ಪಾಡು ವಿಚಿತ್ರ. ಬಿಳಿಯರು ತಮ್ಮ ಕ್ಲಬ್ಬಿಗೆ ಸೇರಿಸುವುದಿಲ್ಲ, ನಮ್ಮವರು ತಮ್ಮ ಕೇರಿಗೆ ಸೇರಿಸುವುದಿಲ್ಲ. ರೈಲ್ವೆ, ಟೆಲಿಗ್ರಾಫು, ಕಸ್ಟಮ್ಸು, ಹೀಗೆ ಸರ್ಕಾರಿ ನೌಕರಿಯೇ ಗತಿ. ನೌಕರಿ ಸಿಕ್ಕಿದರೆ ಬದುಕು, ಸಿಗದಿದ್ದರೆ ಬೀದಿ.

ವೈಟ್ ದೊರೆ ಇದನ್ನು ನೋಡಿ ಒಂದು ತೀರ್ಮಾನಕ್ಕೆ ಬಂದ. ನಮ್ಮ ಹುಡುಗರು ಇನ್ನೊಬ್ಬರ ಕೆಳಗೆ ಗುಮಾಸ್ತಗಿರಿ ಮಾಡಿಕೊಂಡೇ ಸಾಯಬಾರದು. ನಮಗೆ ನಮ್ಮದೇ ನೆಲ ಬೇಕು, ನಾವೇ ಉಳಬೇಕು, ನಾವೇ ಬೆಳೆಯಬೇಕು.

ಅದೇ ಸಮಯಕ್ಕೆ ಮೈಸೂರಿನಲ್ಲಿ ದೊಡ್ಡ ಬದಲಾವಣೆ. ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿದ್ದ ರಾಜ್ಯ 1881ರಲ್ಲಿ ಒಡೆಯರ ಕೈಗೆ ಮರಳಿತು. ಗದ್ದುಗೆಯಲ್ಲಿ ಹತ್ತನೇ ಚಾಮರಾಜ ಒಡೆಯರು. ಮರುವರ್ಷ, 1882ರಲ್ಲಿ, ಮೈಸೂರು ಮತ್ತು ಕೊಡಗಿನ ಯುರೇಷಿಯನ್ ಹಾಗೂ ಆಂಗ್ಲೋ ಇಂಡಿಯನ್ ಸಂಘಕ್ಕೆ ಅವರು ಬೇಸಾಯದ ಊರು ಕಟ್ಟಿಕೊಳ್ಳಲು 3,900 ಎಕರೆ ಕೊಟ್ಟರು. ಆಗ ಮಹಾರಾಜರಿಗೆ ಹತ್ತೊಂಬತ್ತು ವರ್ಷ! ಆ ವಯಸ್ಸಿನಲ್ಲಿ ನಾನು ಬಸ್ ಪಾಸಿಗೆ ಅರ್ಜಿ ಬರೆಯುತ್ತಿದ್ದೆ.

ಜಾಗ ಯಾಕೆ ಅಲ್ಲೇ? ಒಂದು ಕಾರಣ ರೈಲು. ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ 1864ರಲ್ಲೇ ರೈಲು ಓಡತೊಡಗಿತ್ತು. ಆ ಹಳಿ ಕಾಡುಗೋಡಿಯ ಮೇಲೆ ಹೋಗುತ್ತದೆ. ಬೆಳೆದದ್ದನ್ನು ದಂಡಿಗೆ ಸಾಗಿಸುವುದು ಸುಲಭ. ಇಂದಿಗೂ ವೈಟ್‌ಫೀಲ್ಡ್ ಸ್ಟೇಷನ್ ಇರುವುದು ಕಾಡುಗೋಡಿಯಲ್ಲಿಯೇ.

ಊರಿನ ನಕ್ಷೆ ನೋಡಬೇಕು ನೀವು. ನಟ್ಟನಡುವೆ ದುಂಡಗಿನ ಮೈದಾನ, ಸುತ್ತ ದುಂಡಗಿನ ರಸ್ತೆ, ಅದಕ್ಕೆ ಇನ್ನರ್ ಸರ್ಕಲ್ ಎಂದು ಹೆಸರು. ಅದರಾಚೆ ಔಟರ್ ಸರ್ಕಲ್. ಒಳಗಿನ ವೃತ್ತದ ಸುತ್ತ ಮನೆಗಳು, ಆಚೆ ಹೊಲ ತೋಟಗಳು. ಒಂದೊಂದು ಮನೆಗೂ ದೊಡ್ಡ ಕಾಂಪೌಂಡು, ಮಂಗಳೂರು ಹೆಂಚು, ಉದ್ದನೆಯ ಜಗಲಿ. 1886ರ ಹೊತ್ತಿಗೆ ಮೆಮೋರಿಯಲ್ ಚರ್ಚು. ಇದರ ಜೊತೆಗೆ ಸಾಸ್‌ಮಂಡ್ ಎಂಬ ಇನ್ನೊಂದು ವಸಾಹತು. ಇಂಗ್ಲೆಂಡಿನ ಹಳ್ಳಿಯೊಂದನ್ನು ಕಿತ್ತು ತಂದು ರಾಗಿ ಹೊಲದ ಮಧ್ಯೆ ನೆಟ್ಟಂತೆ.

ವೈಟ್ ದೊರೆ ಈ ಊರು ದೊಡ್ಡದಾದದ್ದನ್ನು ನೋಡಲಿಲ್ಲ. 1889ರಲ್ಲಿ ತೀರಿಕೊಂಡ.

ಬಂಗಲೆ ಅಂದರೆ ಸೆಟ್ ಅಲ್ಲ

ಬೆಂಗಳೂರಿನ ಸುತ್ತ ಇಂಥ ಇಂಗ್ಲಿಷ್ ಬಡಾವಣೆಗಳಿಗೆ ಬರವಿರಲಿಲ್ಲ. 1809ರಲ್ಲಿ ದಂಡು ಬಂದು ಹಲಸೂರಿನ ಹತ್ತಿರ ಬೀಡುಬಿಟ್ಟ ಮೇಲೆ ಒಂದೊಂದಾಗಿ ಬೆಳೆದವು. ರಿಚರ್ಡ್ಸ್ ಟೌನ್, ಬೆನ್ಸನ್ ಟೌನ್, ಕುಕ್ ಟೌನ್, ಕಾಕ್ಸ್ ಟೌನ್. ಫ್ರೇಜರ್ ಟೌನಿಗೆ ಪುಲಿಕೇಶಿನಗರ ಎಂದು ಚಾಲುಕ್ಯರ ಹೆಸರಿಟ್ಟರೂ ಆಟೋದವರಿಗೆ ಫ್ರೇಜರ್ ಟೌನೇ. ಬೇಸಿಗೆ ಬಂದರೆ ದೊರೆಗಳಿಗೆ ನಮ್ಮ ನಂದಿಬೆಟ್ಟ. ಕಬ್ಬನ್ ಪಾರ್ಕಿಗೆ ಹೆಸರು ಕೊಟ್ಟ ಕಮಿಷನರ್ ಮಾರ್ಕ್ ಕಬ್ಬನ್ನನಿಗೆ ಬೆಟ್ಟದ ಮೇಲೆಯೇ ಬಂಗಲೆಯಿತ್ತು.

ಈ ಬಂಗಲೆಗಳನ್ನು ನೀವೂ ನೋಡಿದ್ದೀರಿ, ಪರದೆಯ ಮೇಲೆ. ಕಿಟಕಿಯ ಮೇಲೆ ಕೋಡಿನಂತೆ ಚೂಪಾದ ಮರದ ಜಾಲರಿ ಇರುತ್ತದಲ್ಲ, ಅದಕ್ಕೆ ಮಂಕಿ ಟಾಪ್ ಎನ್ನುತ್ತಾರೆ. ನಮ್ಮ ಸಿನಿಮಾದಲ್ಲಿ ಅದು ಕಂಡರೆ ಮುಗಿಯಿತು: ಒಳಗೆ ಒಂದೋ ಸಿಲ್ಕ್ ಗೌನಿನ ಶ್ರೀಮಂತ ಅಪ್ಪ ಮೆಟ್ಟಿಲಿಳಿಯುತ್ತಾನೆ, ಇಲ್ಲವೇ ಬಿಳಿ ಸೀರೆಯ ದೆವ್ವ. ಡೇವಿಡ್ ಲೀನ್ 1984ರಲ್ಲಿ ತೆರೆಗೆ ತಂದ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರಕ್ಕೆ ದೊರೆಗಳ ಕಾಲದ ಇಂಡಿಯಾ ಬೇಕಾದಾಗ ಅವರು ಹುಡುಕಿಕೊಂಡು ಬಂದದ್ದು ಬೆಂಗಳೂರು ಅರಮನೆಗೆ, ಸಾವನದುರ್ಗಕ್ಕೆ, ರಾಮನಗರದ ಬಂಡೆಗಳಿಗೆ. 'ಶೋಲೆ'ಯ ಗಬ್ಬರ್ ಕೂತಿದ್ದ ಬಂಡೆಗಳ ಊರಿಗೇ!

ಆದರೆ ಬಂಗಲೆಯೊಳಗೆ ನಿಜವಾಗಿ ಬದುಕಿದವರನ್ನು ತೋರಿಸಿದ ಚಿತ್ರಗಳು ಕಡಿಮೆ. ಆಂಗ್ಲೋ ಇಂಡಿಯನ್ ಅಂದರೆ ನಮ್ಮವರಿಗೆ ಎರಡೇ ಪಾತ್ರ: ಕುಡಿದು ತೂರಾಡುವ ಎಂಜಿನ್ ಡ್ರೈವರ್ ಅಪ್ಪ, ಫ್ರಾಕು ತೊಟ್ಟ ಮಗಳು. 1975ರ 'ಜೂಲಿ' ನೆನಪು ಮಾಡಿಕೊಳ್ಳಿ. ರಾಜಣ್ಣನ ಜೊತೆ 'ನಾ ನಿನ್ನ ಮರೆಯಲಾರೆ'ಯಲ್ಲಿ ಮಿಂಚಿದ ನಮ್ಮ ಲಕ್ಷ್ಮಿಯೇ ಅದರ ನಾಯಕಿ. ಮಲಯಾಳದ 'ಚಟ್ಟಕ್ಕಾರಿ'ಯ ಹಿಂದಿ ರೂಪ ಅದು, ದೇಶವೆಲ್ಲ ನೋಡಿತು. 1981ರಲ್ಲಿ ಅಪರ್ಣಾ ಸೇನ್ '36 ಚೌರಂಗಿ ಲೇನ್' ಮಾಡಿ, ಕಲ್ಕತ್ತೆಯಲ್ಲಿ ಒಂಟಿಯಾಗಿ ಉಳಿದ ಮುದಿ ಟೀಚರಮ್ಮನೊಬ್ಬಳ ಪಾಡನ್ನು ತೋರಿಸಿದರು. ಜೂಲಿಗೆ ವಿಷಲ್ ಹೊಡೆದವರಲ್ಲಿ ಎಷ್ಟು ಜನ ಆ ಟೀಚರಮ್ಮನನ್ನು ನೋಡಿದರೋ!

ಇನ್ನರ್ ಸರ್ಕಲ್ಲಿನಲ್ಲಿ ಒಂದು ಸುತ್ತು

ಕಾಡುಗೋಡಿಯಿಂದ ನಡೆದೇ ಹೊರಟೆ. ದುಂಡಗಿನ ರಸ್ತೆ ಇನ್ನೂ ಇದೆ. ದೊಡ್ಡ ಮರಗಳೂ ಅಲ್ಲಲ್ಲಿ ಇವೆ. ಮುಖ್ಯರಸ್ತೆಯ ಹಾರನ್ನು ಇಲ್ಲಿ ಸ್ವಲ್ಪ ಮೆತ್ತಗಾಗುತ್ತದೆ. ಹಳೇ ಬಂಗಲೆಗಳನ್ನು ಬೆರಳು ಮಡಿಸಿ ಎಣಿಸಬಹುದು. ಉಳಿದ ಕಡೆ ಅಪಾರ್ಟ್‌ಮೆಂಟು, ಕೆಫೆ, ಆಫೀಸು. ವೇವರ್ಲಿ ಇನ್ ಈಗ ಇನ್ ಅಲ್ಲ, ರೋಸಮ್ಮನ ಡ್ಯಾನ್ಸೂ ಇಲ್ಲ.

ಒಂದು ಹೆಂಚಿನ ಮನೆಯ ಗೇಟಿನ ಮುಂದೆ ನಿಂತು ಮೊಬೈಲಿನಲ್ಲಿ ಫೋಟೋ ಹೊಡೆಯುತ್ತಿದ್ದೆ. "ಯಾರದು? ಬ್ರೋಕರಾ?" ಎಂದು ಒಳಗಿನಿಂದ ಗದರಿದ ದನಿ. ಎಂಬತ್ತು ದಾಟಿದ ಒಬ್ಬ ಆಂಟಿ. ಹೂವಿನ ಚಿತ್ತಾರದ ಗೌನು, ಬಿಳಿ ಕ್ರಾಪು.

"ಅಲ್ಲ ಆಂಟಿ, ಸಿನಿಮಾ ಪತ್ರಿಕೆಯವನು."

"ಓ! ಹಂಗಾದ್ರೆ ಚರ್ಚಿಲ್ ಕೇಳೋಕೆ ಬಂದಿದ್ದೀಯ" ಎಂದು ನಕ್ಕುಬಿಟ್ಟರು. "ಬನ್ನಿ, ಕೂತ್ಕೋ. ಎಲ್ಲರೂ ಅದೇ ಕೇಳ್ತಾರೆ. ನಮ್ ಡ್ಯಾಡಿ ಮೂವತ್ತು ವರ್ಷ ಕೆಜಿಎಫ್ ಮೈನ್ಸಲ್ಲಿ ಕೆಲಸ ಮಾಡಿದ್ರು. ಅವರನ್ನ ಯಾರೂ ಕೇಳಲ್ಲ."

ಕೆಜಿಎಫ್ ಅಂದ ತಕ್ಷಣ ನನ್ನ ಕಿವಿ ನೆಟ್ಟಗಾಯಿತು. 2018ರಲ್ಲಿ ಯಶ್ ಪಿಚ್ಚರ್ ಬಂದಾಗ ಫಸ್ಟ್ ಡೇ ಫಸ್ಟ್ ಶೋ ಶಿಳ್ಳೆ ಹೊಡೆದವನು ನಾನು. ನಿಜವಾದ ಕೆಜಿಎಫ್ ಬೇರೆಯೇ ಇತ್ತು. 1880ರಿಂದ ಜಾನ್ ಟೇಲರ್ ಕಂಪನಿ ಅಲ್ಲಿ ಚಿನ್ನ ತೆಗೆಯಿತು. 1902ರಲ್ಲಿ ಶಿವನಸಮುದ್ರದಿಂದ ತಂತಿ ಎಳೆದು ಕರೆಂಟು ತಂದರು. ಬಂಗಲೆ, ಕ್ಲಬ್ಬು, ಚರ್ಚು ನೋಡಿ ಪುಟ್ಟ ಇಂಗ್ಲೆಂಡ್ ಎಂದೇ ಕರೆಯುತ್ತಿದ್ದರು. ನೆಲದ ಕೆಳಗೆ ಸುರಂಗದಲ್ಲಿ ನಮ್ಮ ಕೂಲಿಗಳು, ನೆಲದ ಮೇಲೆ ಬಂಗಲೆಗಳಲ್ಲಿ ಸಾಹೇಬರು. ಅಲ್ಲಿ ಪೆನ್ಷನ್ ಪಡೆದ ಎಷ್ಟೋ ಆಂಗ್ಲೋ ಇಂಡಿಯನ್ ಸಂಸಾರಗಳು ವೈಟ್‌ಫೀಲ್ಡಿಗೆ ಬಂದು ನೆಲೆಸಿದವು.

"ನಿಮ್ಮವರು ಇಲ್ಲಿ ಬೇಸಾಯ ಮಾಡ್ತಿದ್ರಾ ಆಂಟಿ?"

ಆಂಟಿ ಕೈ ಆಡಿಸಿದರು. "ಯಾರು? ಡ್ಯಾಡಿಗೆ ಗುದ್ದಲಿ ಹಿಡಿಯೋಕೆ ಬರ್ತಿರಲಿಲ್ಲ. ಗಿಡಕ್ಕೆ ನೀರು ಹಾಕಿದ್ರೆ ಸೊಂಟ ನೋವು. ಎಲ್ಲಾ ಮಾಲಿ ಮಾಡ್ತಿದ್ದ. ನಾವು ಹಣ್ಣು ತಿಂತಿದ್ವಿ."

ಎಷ್ಟು ಸರಳವಾಗಿ ಹೇಳಿದರು ನೋಡಿ! ವೈಟ್ ಮಹಾಶಯ ಕಂಡ ಕನಸಿನ ಕಥೆಯೆಲ್ಲ ಈ ಮೂರು ಮಾತಿನಲ್ಲಿ ಬಂತು. ಉಳುವವರ ಊರಾಗಲಿ ಎಂದು ಅವನು ಕಟ್ಟಿಸಿದ. ಅದು ಪೆನ್ಷನ್ ತೆಗೆದುಕೊಂಡವರು ನೆಮ್ಮದಿಯಾಗಿ ಕೂರುವ ಊರಾಯಿತು.

1947ರ ನಂತರ ಒಬ್ಬೊಬ್ಬರೇ ಹೊರಟರು. ಇಂಗ್ಲೆಂಡು, ಆಸ್ಟ್ರೇಲಿಯಾ, ಕೆನಡಾ. ಆಂಟಿಯ ಅಣ್ಣಂದಿರೂ ಹೋದರು. "ನೀವ್ಯಾಕೆ ಹೋಗಲಿಲ್ಲ?" ಎಂದೆ. "ಅಲ್ಲಿ ಚಳಿ. ಮತ್ತೆ ಅಲ್ಲಿ ನಮ್ಮನ್ನ ಇಂಡಿಯನ್ ಅಂತಾರೆ, ಇಲ್ಲಿ ಇಂಗ್ಲಿಷ್ ಅಂತಾರೆ. ಎರಡೂ ಕಡೆ ತಪ್ಪೇ ಹೇಳೋದಾದ್ರೆ ಮಾವಿನಹಣ್ಣು ಇರೋ ಕಡೆ ಇರೋಣ ಅಂತ ಇದ್ದೆ" ಎಂದು ಮತ್ತೆ ನಗು.

ಹಿಂದೆ ವಿಧಾನಸಭೆಗೆ ಆಂಗ್ಲೋ ಇಂಡಿಯನ್ನರೊಬ್ಬರನ್ನು ನೇಮಿಸುವ ಪದ್ಧತಿಯಿತ್ತು. 2020ರ ಜನವರಿಯಿಂದ ಅದೂ ಹೋಯಿತು. ಆಂಟಿಗೆ ಅದರ ಚಿಂತೆ ಇದ್ದಂತೆ ಕಾಣಲಿಲ್ಲ. ಅವರಿಗೆ ಚಿಂತೆಯೆಲ್ಲ ಟ್ಯಾಂಕರಿನದು. "ಬಾವಿ ಇತ್ತು, ಒಳ್ಳೇ ನೀರಿತ್ತು. ಈಗ ನೀರಿಗೆ ಫೋನ್ ಮಾಡಬೇಕು" ಅಂದರು.

ಗುದ್ದಲಿ ಹಿಡಿದವರ ಮೊಮ್ಮಗ

ಹಾಗಾದರೆ ಆ ಮಾಲಿಗಳು ಯಾರು? ಸುತ್ತಮುತ್ತಲ ಊರಿನವರು. ಕಾಡುಗೋಡಿ, ಪಟ್ಟಂದೂರು, ನಲ್ಲೂರಹಳ್ಳಿ, ಇಮ್ಮಡಿಹಳ್ಳಿ, ಹಗದೂರು. ಇತಿಹಾಸ ಬರೆಯುವವರು ಇವರನ್ನು ಬಿಟ್ಟುಬಿಡುತ್ತಾರೆ. ಸಿನಿಮಾದಲ್ಲಿ ಹೀರೋ ಹಿಂದೆ ಕುಣಿಯುವ ಗುಂಪಿನವರಂತೆ. ಅವರಿಲ್ಲದೆ ಹಾಡಿಲ್ಲ, ಅವರ ಹೆಸರು ಟೈಟಲ್ ಕಾರ್ಡಿನಲ್ಲಿಲ್ಲ.

ಟೀ ಅಂಗಡಿಯಲ್ಲಿ ಒಬ್ಬರು ತಾತ ಸಿಕ್ಕರು. ಇಮ್ಮಡಿಹಳ್ಳಿ ಕಡೆಯವರು, ಎಪ್ಪತ್ತರ ಮೇಲೆ ವಯಸ್ಸು. ಬಿಳಿ ಪಂಚೆ, ಬೆರಳಲ್ಲಿ ಉಂಗುರ. ಜಂಗಮಕೋಟೆಯವನು ಅಂದಾಕ್ಷಣ ಬೆಂಚಿನ ಮೇಲೆ ಜಾಗ ಬಿಟ್ಟರು. "ಗೂಡಿನ ರೇಟು ಎಂಗೈತಪ್ಪಾ ಈಗ?" ಎಂದು ಅವರೇ ಶುರು ಮಾಡಿದರು.

ಅವರ ತಾತ ಬಂಗಲೆಯೊಂದರಲ್ಲಿ ತೋಟದ ಕೆಲಸಕ್ಕಿದ್ದರಂತೆ. ಸ್ವಂತಕ್ಕೂ ಸ್ವಲ್ಪ ಹೊಲವಿತ್ತು. ರಾಗಿ, ಅವರೆ, ಸೊಪ್ಪು. 1990ರ ದಶಕದಲ್ಲಿ ಪಟ್ಟಂದೂರು ಅಗ್ರಹಾರದ ಬಳಿ ಐಟಿಪಿಎಲ್ ಕಟ್ಟಡಗಳು ಎದ್ದವು. ಕಂಪನಿಗಳ ಹಿಂದೆ ಕಂಪನಿ ಬಂದವು. ಸಾಯಿಬಾಬಾ ದರ್ಶನಕ್ಕೆ ಬೃಂದಾವನಕ್ಕೆ ಬರುತ್ತಿದ್ದ ಭಕ್ತರು ಬಿಟ್ಟರೆ ಹೊರಗಿನವರನ್ನೇ ಕಾಣದ ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು. ತಾತ ಹೊಲ ಮಾರಿದರು.

"ತಪ್ಪು ಮಾಡಿದ್ರಾ ತಾತ?" ಎಂದು ಕೇಳಿದೆ. ಜೇಬಿನಲ್ಲಿದ್ದ ಕಾಗದ ಆ ಕ್ಷಣ ಸುಡುತ್ತಿತ್ತು. ಹೌದು ಎಂದು ಅತ್ತುಬಿಟ್ಟರೆ ನನ್ನ ಲೇಖನಕ್ಕೆ ಒಳ್ಳೆ ಕ್ಲೈಮ್ಯಾಕ್ಸ್ ಸಿಗುತ್ತಿತ್ತು.

ತಾತ ಅಳಲಿಲ್ಲ. "ಯಾಕ್ ತಪ್ಪು? ಮೂರು ಹೆಣ್ಣುಮಕ್ಕಳ ಮದುವೆ ಆಯ್ತು. ಮೊಮ್ಮಗ ಎಂಜಿನಿಯರು. ನಾಲ್ಕಂತಸ್ತು ಮನೆ, ಬಾಡಿಗೆ ಬತ್ತೈತೆ. ನಮ್ ತಾತ ಬಂಗಲೆ ಗೇಟಲ್ಲಿ ಚಪ್ಪಲಿ ಬಿಟ್ಟು ಒಳಗೋಗೋನು. ನನ್ ಮನೇಲಿ ಈಗ ಇಂಗ್ಲಿಷ್ ಮಾತಾಡೋರೇ ಬಾಡಿಗೆಗವ್ರೆ. ಇದು ಕಮ್ಮಿ ಮಾತಾ?"

ಕಮ್ಮಿ ಮಾತಲ್ಲ. ಒಪ್ಪಿಕೊಂಡೆ.

ಟೀ ಮುಗಿಸಿ, ಲೋಟ ಕೆಳಗಿಟ್ಟು, ತಾತ ದನಿ ತಗ್ಗಿಸಿದರು. "ಒಂದ್ ಮಾತು ಮಾತ್ರ ಆಗ ಯಾರೂ ಯೋಳಲಿಲ್ಲಪ್ಪ. ದುಡ್ಡು ಬಂದ ಮಾರನೇ ದಿನ ಬೆಳಗ್ಗೆ ಐದಕ್ಕೆ ಎಚ್ಚರಾಯ್ತು. ಎದ್ದು ಎಲ್ಲಿಗೋಗ್ಲಿ? ನನ್ ತಮ್ಮ ಆ ಬೆಳಗ್ಗೆಗೇ ಒಂದು ಬಾಟ್ಲು ಇಟ್ಕೊಂಡ. ಎಂಟು ವರ್ಷದಲ್ಲಿ ಓಗ್ಬಿಟ್ಟ. ನೀನು ಮಾರೋದಿದ್ರೆ ಮಾರು. ಬೆಳಗ್ಗೆ ಎದ್ದು ಏನ್ ಮಾಡ್ತೀಯ ಅನ್ನೋದನ್ನ ಮೊದಲು ಬರೆದಿಟ್ಕೋ."

ನಾನು ಮಾರುವ ವಿಷಯ ಅವರಿಗೆ ಹೇಳಿಯೇ ಇರಲಿಲ್ಲ! ಜಂಗಮಕೋಟೆ ಎಂಬ ಹೆಸರು ಕೇಳಿಯೇ ಅರ್ಥ ಮಾಡಿಕೊಂಡಿದ್ದರು.

ಹೋಪ್ ಫಾರ್ಮ್ ಸ್ಟೇಷನ್

ಸಂಜೆ ಮೆಟ್ರೋ ನೋಡೋಣವೆಂದು ಹತ್ತಿದೆ. ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿಗೆ ನೇರಳೆ ಮಾರ್ಗ 2023ರ ಮಾರ್ಚ್‌ನಲ್ಲಿ ಶುರುವಾಯಿತು. ಸ್ಟೇಷನ್ನುಗಳ ಹೆಸರು ಓದುತ್ತಾ ಕೂತೆ. ವೈಟ್‌ಫೀಲ್ಡ್ ಕಾಡುಗೋಡಿ. ಹೋಪ್ ಫಾರ್ಮ್ ಚನ್ನಸಂದ್ರ. ಕಾಡುಗೋಡಿ ಟ್ರೀ ಪಾರ್ಕ್. ಪಟ್ಟಂದೂರು ಅಗ್ರಹಾರ. ನಲ್ಲೂರಹಳ್ಳಿ. ಹಳ್ಳಿಗಳ ಹೆಸರು ಸ್ಟೇಷನ್ನಿನ ಬೋರ್ಡಿಗೆ ಬಂದದ್ದಕ್ಕೆ ಖುಷಿಯಾಯಿತು.

ಹೋಪ್ ಫಾರ್ಮ್ ಅಂದರೆ ಭರವಸೆಯ ತೋಟ. ಕೆಳಗೆ ನೋಡಿದೆ. ನಾಲ್ಕೂ ಕಡೆಯಿಂದ ಬಸ್ಸು, ಲಾರಿ, ಬೈಕು ಬಂದು ಸೇರುವ ಸರ್ಕಲ್ಲು. ತೋಟದ ಒಂದು ಎಲೆ ಇಲ್ಲ. ಅಪಾರ್ಟ್‌ಮೆಂಟುಗಳಿಗೂ ಮೆಡೋ, ಗ್ರೋವ್, ಆರ್ಚರ್ಡ್ ಎಂದು ಹೆಸರು. ಯಾವುದನ್ನು ಕಡಿದರೋ ಅದರದೇ ಹೆಸರು ಬೋರ್ಡಿಗೆ!

ಆಗ ಒಂದು ವಿಷಯ ಹೊಳೆಯಿತು. ಅವರು ನೌಕರಿ ಬಿಟ್ಟು ಮಣ್ಣಿಗೆ ಬರಲಿ ಎಂದು ವೈಟ್ ಕನಸು ಕಂಡ. ಅವರಿಗೆ ಮಣ್ಣು ಸಿಕ್ಕಿತು, ಉಳುವ ಕೈ ಬರಲಿಲ್ಲ. ನಾವು ಹುಟ್ಟುವಾಗಲೇ ಆ ಕೈ ಪಡೆದು ಬಂದವರು. ಮಣ್ಣು ಬಿಟ್ಟು ಹೋದರೆ ಸಾಕು ಎಂದು ಕನಸು ಕಾಣುತ್ತೇವೆ. ಅದರಲ್ಲಿ ನಾನೇ ಮೊದಲಿಗ. ಅಪ್ಪನ ಹುಳದ ಮನೆಯ ವಾಸನೆಗೆ ಮೂಗು ಮುಚ್ಚಿಕೊಂಡು ಬೆಳೆದವನು. ಅಷ್ಟಕ್ಕೂ ಬೆಂಗಳೂರು ನಮ್ಮನ್ನು ಬಿಟ್ಟಿದೆಯೇ? ಅದು ಬಳಸಿ ಬಿಟ್ಟ ನೀರನ್ನು ಸಂಸ್ಕರಿಸಿ ಎಚ್.ಎನ್. ವ್ಯಾಲಿ ಪೈಪಿನಲ್ಲಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡುತ್ತಿದ್ದಾರೆ. ಮೊದಲು ನೀರು ಬಂತು, ಈಗ ಕಾರಿನಲ್ಲಿ ಬ್ರೋಕರ್ ಬಂದಿದ್ದಾನೆ.

ನಾಲ್ಕನೇ ಜ್ವರ

ಕೊನೆಯ ಬಸ್ಸಿಗೆ ಊರು ಸೇರಿದಾಗ ರಾತ್ರಿ ಹತ್ತಾಗಿತ್ತು. ಹುಳದ ಮನೆಯಲ್ಲಿ ಲೈಟು ಉರಿಯುತ್ತಿತ್ತು. ಹುಳ ನಾಲ್ಕನೇ ಜ್ವರ ಎದ್ದಿದ್ದವು. ರೇಷ್ಮೆ ಸಾಕಿದವರಿಗೆ ಗೊತ್ತು, ನಾಲ್ಕು ಸಲ ಪೊರೆ ಬಿಟ್ಟು ಎದ್ದ ಹುಳಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಒಳಗೆ ಮಳೆ ಬಂದಂತೆ ಸದ್ದು. ನಮ್ಮ ಯಾವ ಸೌಂಡ್ ಎಂಜಿನಿಯರೂ ಇನ್ನೂ ಇದನ್ನು ಹಿಡಿದಿಲ್ಲ.

ಅಪ್ಪ ತಲೆ ಎತ್ತಲಿಲ್ಲ. "ಏನಾಗೈತೆ ಅಲ್ಲಿ?"

"ಎಲ್ಲಾ ಐತಪ್ಪ. ತೋಟ ಇಲ್ಲ."

"ಜನ?"

"ಚೆನ್ನಾಗವ್ರೆ. ಬೆಳಗ್ಗೆ ಎದ್ರೆ ಕೆಲಸ ಇಲ್ಲ."

ಅಪ್ಪ ಸುಮ್ಮನೆ ಒಂದು ಕಂತೆ ಸೊಪ್ಪು ನನ್ನ ಕಡೆಗೆ ತಳ್ಳಿದರು. ಎಷ್ಟೋ ವರ್ಷದ ಮೇಲೆ ಅಂದು ರಾತ್ರಿ ನಾನು ಹುಳಕ್ಕೆ ಸೊಪ್ಪು ಹಾಕಿದೆ.

ಬೆಳಿಗ್ಗೆ ಅಣ್ಣನಿಗೆ ಕಾಗದ ವಾಪಸ್ಸು ಕೊಟ್ಟೆ. ಸೈನ್ ಹಾಕಿಲ್ಲ. ಮಾರಲೇಬಾರದೆಂದು ನಾನು ಶಪಥ ಮಾಡಿಲ್ಲ, ಅಣ್ಣನಿಗೂ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಒಂದು ವರ್ಷ ಟೈಮ್ ಕೇಳಿದ್ದೇನೆ. ಅಣ್ಣ ನಾಲ್ಕು ದಿನ ಮಾತಾಡಲಿಲ್ಲ. ಐದನೇ ದಿನ ಸೊಪ್ಪು ಕೊಯ್ಯೋಕೆ ಆಳು ಸಾಲದೆ ಅವನೇ ಬಂದು ಕರೆದ.

ನನ್ನ ಪಿಚ್ಚರ್? ಅದನ್ನು ಬಿಟ್ಟಿಲ್ಲ ಮಿತ್ರರೇ. ಕಥೆ ಮಾತ್ರ ಬದಲಾಗಿದೆ. ಚರ್ಚಿಲ್ಲೂ ಇಲ್ಲ, ರೋಸೂ ಇಲ್ಲ. ಬಂಗಲೆಯ ಗೇಟಿನಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುವ ಒಬ್ಬ ಮಾಲಿ, ಬೆಳಗಿನ ಐದು ಗಂಟೆ. ಮೊದಲ ಶಾಟ್ ಅಷ್ಟೇ. ಈ ಸಲದ ಗೂಡಿಗೆ ರೇಟು ಬಂದರೆ ಎರಡು ದಿನಕ್ಕೆ ಕ್ಯಾಮರಾ ಬಾಡಿಗೆಗೆ ತರುತ್ತೇನೆ.

ನೀವು ಈ ಪತ್ರಿಕೆಯನ್ನು ಯಾವ ಬಸ್‌ಸ್ಟ್ಯಾಂಡಿನಲ್ಲಿ ಕೊಂಡಿರೋ ಗೊತ್ತಿಲ್ಲ. ನಿಮ್ಮ ಜೇಬಿನಲ್ಲೂ ಇಂಥದೇ ಒಂದು ಕಾಗದ ಇದ್ದರೆ, ಸೈನ್ ಹಾಕುವ ಮುಂಚೆ ಒಂದು ಸಲ ವೈಟ್‌ಫೀಲ್ಡ್ ಬಸ್ಸು ಹತ್ತಿ. ಇನ್ನರ್ ಸರ್ಕಲ್ಲಿನಲ್ಲಿ ಒಂದು ಸುತ್ತು ಹಾಕಿ, ಟೀ ಕುಡಿದು ಬನ್ನಿ. ಆಮೇಲೆ ನಿಮ್ಮಿಷ್ಟ.